ಚಿಲಕಪಾಡಿನಲ್ಲಿ ಎಲ್ಲರಿಗೂ ಗೊತ್ತು

ಆಗಸ್ಟ್ 4, ಭಾನುವಾರ. ಸಂಜೆ

ಅಕ್ಕಿ ಆರಿಸಿದೆ. ನಾಳೆ ಅಂಗಡಿಗೆ ಹಾಕುವ ಯೂನಿಫಾರ್ಮ್ ಇಸ್ತ್ರಿ ಆಯಿತು. ಬಾಗಿಲ ಮೇಲಿನ ಚಿಲಕ, ಕೆಳಗಿನ ಚಿಲಕ — ಎರಡನ್ನೂ ಮತ್ತೆ ನೋಡಿ ಬಂದೆ. ಆಮೇಲೆ ಮೊಬೈಲ್ ಹಿಡಿದು ಕೂತೆ.

ಚಿಲಕಪಾಡು. ತೆಲುಗು ವೆಬ್ ಸೀರೀಸ್. ತೆಲುಗಿನಲ್ಲಿ ಚಿಲಕ ಅಂದರೆ ಗಿಳಿಯಂತೆ. ನನಗೆ ಬಾಗಿಲೇ ನೆನಪಾಗುತ್ತದೆ. ಮಾತು ಅರ್ಧ ತಿಳಿಯುತ್ತದೆ, ಸಾಕು. ಬೆಟ್ಟದ ಬುಡದ ಸಣ್ಣ ಊರು, ಒಂದೇ ಬಸ್ಸು. ದಿನದ ಗಿರಾಕಿಗಳೆಲ್ಲ ಹತ್ತದೆ ಕಂಡಕ್ಟರಮ್ಮ ಸೀಟಿ ಊದುವುದಿಲ್ಲ. ಬ್ಯಾಂಡ್ ಮಾಸ್ಟರ್‌ಗೆ ಬ್ಯಾಂಡೇ ಇಲ್ಲ, ಆದರೂ ಜರಿ ಕೋಟು ಹಾಕಿಕೊಂಡೇ ಚಹಾ ಕುಡಿಯಲು ಬರುತ್ತಾನೆ. ಇವತ್ತಿನ ಎಪಿಸೋಡಿನ ದೊಡ್ಡ ಗಲಾಟೆ — ಬೀದಿ ದೀಪದ ಕಂಬಕ್ಕೆ ಹಸಿರು ಬಣ್ಣವೋ ನೀಲಿಯೋ. ಕೂಗಾಡುತ್ತಾರೆ, ಆಮೇಲೆ ಒಟ್ಟಿಗೆ ಬಜ್ಜಿ ತಿನ್ನುತ್ತಾರೆ. ಅಲ್ಲಿ ಗಂಡಸರು ದನಿ ಏರಿಸಿದರೂ ನಾನು ಬಾಗಿಲ ಕಡೆ ನೋಡುವುದಿಲ್ಲ. ಯಾರೂ ಯಾರಿಗೂ ಹೊಡೆಯುವುದಿಲ್ಲ ಅಂತ ಗೊತ್ತು. ಅದಕ್ಕೇ ನೋಡುತ್ತೇನೆ.

ಆಗಸ್ಟ್ 8, ಗುರುವಾರ

ಸಿಕಂದರಾಬಾದಿನಿಂದ ಬರುವ ಲೋಕಲ್ ರೈಲು ಲೇಟ್. ಲಿಂಗಂಪಲ್ಲಿಯಲ್ಲಿ ಇಳಿದು ಮನೆ ಸೇರುವಾಗ ಕೆಳಗಿನ ಮನೆಯ ಸಾವಿತ್ರಿಬಾಯಿ ಹಿಡಿದರು. ಬೀದರ್ ಕಡೆಯವರು, ಒಬ್ಬರೇ ಇರುತ್ತಾರೆ, ಬ್ಲೌಸ್ ಹೊಲಿಯುತ್ತಾರೆ.

"ನೀನೂ ಚಿಲಕಪಾಡು ನೋಡ್ತಿಯಲ್ಲಾ? ಕಿಟಕ್ಯಾಗಿಂದ ಹಾಡು ಕೇಳ್ತದ. ಅಷ್ಟು ಸಣ್ಣ ಮೊಬೈಲ್‌ದಾಗ ಕಣ್ಣು ಯಾಕ ಕೆಡಿಸ್ಕೊತಿ? ನಂದು ದೊಡ್ಡ ಟಿವಿ ಐತಿ, ಬಾರವ್ವಾ."

ತಲೆನೋವು ಅಂದೆ.

"ಮಾಲಕರು ಎಲ್ಲಿರ್ತಾರ?"

"ದುಬೈ."

ಬಾಯಿಗೆ ಬಂದ ಸುಳ್ಳು ಹೇಳಿದೆ. ಗಂಡ ಗಂಗಾವತಿಯಲ್ಲೇ ಇದ್ದಾನೆ, ರೈಸ್ ಮಿಲ್ ಇದೆ, ಅವನ ಹೆಸರು ಗುರುಶಾಂತ, ಯುಗಾದಿಯ ಮರುದಿನ ಅವನು ಮಿಲ್ಲಿಗೆ ಹೋದಾಗ ಬಸ್ ಹತ್ತಿದೆ, ನನ್ನ ಎಡಗೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ... ಇದನ್ನೆಲ್ಲ ಮೆಟ್ಟಿಲ ಮೇಲೆ ಹೇಗೆ ಹೇಳುವುದು. ಯಾರೂ ಯಾರ ಹೆಸರೂ ಕೇಳದ ಬಿಲ್ಡಿಂಗ್ ಅಂತಲೇ ಈ ಮನೆ ಹಿಡಿದೆ. ಅವ್ವನಿಗೂ ವಿಳಾಸ ಕೊಟ್ಟಿಲ್ಲ.

ಆಗಸ್ಟ್ 11, ಭಾನುವಾರ

ಕಡೆಗೂ ಹೋದೆ. ಶೇಂಗಾ ಚಟ್ನಿ, ರೊಟ್ಟಿ, ದೊಡ್ಡ ಟಿವಿ. ಇವತ್ತಿನ ಎಪಿಸೋಡಿನಲ್ಲಿ ಬಸ್ಸಿನಿಂದ ಯಾರೋ ಅಪರಿಚಿತ ಇಳಿಯುತ್ತಾನೆ. ಸಂಜೆಯೊಳಗೆ ಅವನು ಏನು ತಿಂದ, ಎಷ್ಟು ಸಲ ಸೀನಿದ — ಊರಿಗೆಲ್ಲ ಗೊತ್ತು. ಸಾವಿತ್ರಿಬಾಯಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಇಂಥಾ ಊರಾಗ ಇರಬೇಕ ನೋಡು. ನಾ ಇಲ್ಲಿ ಜ್ವರ ಬಂದು ಮಲಗಿದ್ರ ಯಾರಿಗೂ ಖಬರ್ ಇಲ್ಲ."

ನಾನೂ ನಗುತ್ತಿದ್ದೆ. ನಡುವೆಯೇ ನಿಂತುಹೋಯಿತು. ಚಿಲಕಪಾಡಿನಲ್ಲಿ ನಾನು ಅರ್ಧ ದಿನವೂ ಅಡಗಿರಲು ಆಗುತ್ತಿರಲಿಲ್ಲ.

ಆಗಸ್ಟ್ 16, ಶುಕ್ರವಾರ

ಬರೆಯಲು ಆಗುತ್ತಿಲ್ಲ. ಬರೆಯದೆ ಕೂರಲೂ ಆಗುತ್ತಿಲ್ಲ.

ಗೇಟಿನಲ್ಲಿ ವಾಚ್‌ಮನ್ ಹುಸೇನಪ್ಪ. ಮುಖ ಅರಳಿತ್ತು.

"ಅಕ್ಕಾರ, ನಿಮ್ಮ ಕಡೆಯವರು ಬಂದಿದ್ರು ರಿ. ಭಾಳ ಚೊಲೋ ಮನಷ್ಯಾ. ಫೋಟೋ ತೋರಿಸಿದ್ರು, ಹೌದು, ಮೂರನೇ ಫ್ಲೋರ್ ಅಂದೆ. ನಮ್ಮ ಭಾಷಾದಾಗ ಅಷ್ಟು ಮಾತಾಡಿ ಎಷ್ಟು ದಿನಾ ಆಗಿತ್ತು ಅಂತೀನಿ! ರವಿವಾರ ಬರ್ತೀನಿ ಅಂದಾರ."

"ಹೆಸರು ಹೇಳಿದ್ರಾ?"

"ಗುರುಶಾಂತ ಅಂತ."

ಮೆಟ್ಟಿಲು ಹೇಗೆ ಹತ್ತಿದೆನೋ. ಹೇಗೆ ತಿಳಿಯಿತು ಅಂತ ಯೋಚಿಸಿ ಯೋಚಿಸಿ ಹೊಳೆಯಿತು. ಸಿಕಂದರಾಬಾದಿನಲ್ಲಿ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯವರು ಆಗಸ್ಟ್ ಹದಿನೈದಕ್ಕೆಂದು ನಮ್ಮನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಿದ್ದರು, ಒಂದು ವಾರ ಮೊದಲೇ. ಹಿಂದೆ ಅಂಗಡಿಯ ಬೋರ್ಡು. ಅದನ್ನು ನೋಡಿ ಅವನು ಅಂಗಡಿಯಿಂದ ಲೋಕಲ್‌ನಲ್ಲಿ ನನ್ನ ಹಿಂದೆಯೇ ಬಂದಿರಬೇಕು. ಯಾವ ದಿನ? ಎಷ್ಟು ದೂರದಲ್ಲಿ ನಿಂತಿದ್ದ?

ಆಗಸ್ಟ್ 17, ಶನಿವಾರ

ಬೆಳಗ್ಗೆ ಬ್ಯಾಗ್ ತುಂಬಿ ಇಳಿದೆ. ಎಲ್ಲಿಗೆ ಅಂತ ಗೊತ್ತಿಲ್ಲ. ಯಾವುದಾದರೂ ರೈಲು. ಸಾವಿತ್ರಿಬಾಯಿ ಬಾಗಿಲಲ್ಲೇ ಕೂತು ಗುಂಡಿ ಹಚ್ಚುತ್ತಿದ್ದರು.

"ದುಬೈಕ್ಕ ಹೊಂಟಿ ಏನು?"

ಅಳು ಬಂತು. ತಡೆಯಲಾಗಲಿಲ್ಲ. ಒಳಗೆ ಕೂರಿಸಿದರು. ಎಲ್ಲ ಹೇಳಿದೆ. ಬಾಯಿ ಬಿಟ್ಟು ಹೇಳಿದ್ದು ಇದೇ ಮೊದಲು. ಅವರು ನನ್ನ ಎಡಗೈ ಹಿಡಿದು ಮೇಲೆತ್ತಿ ನೋಡಿದರು. ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಬಿಟ್ಟರು.

"ಇವತ್ತು ಓಡಿದ್ರ ನಾಳೆ ಮತ್ತ ಓಡಬೇಕು. ಮ್ಯಾಲ ಹೋಗು."

ಹೋದೆ. ಸಂಜೆ ನೀರು ತರಲು ಇಳಿದರೆ ಎಲ್ಲರೂ ನೋಡುತ್ತಿದ್ದಾರೆ. ಎರಡನೇ ಫ್ಲೋರಿನ ತೆಲುಗಿನವರು, ಎದುರು ಮನೆಯ ಬ್ಯಾಂಕಿನವರು. ಸಾವಿತ್ರಿಬಾಯಿ ಬಿಲ್ಡಿಂಗಿಗೆಲ್ಲ ಹೇಳಿಬಿಟ್ಟಿದ್ದಾರೆ! ನನ್ನನ್ನು ಒಂದು ಮಾತು ಕೇಳದೆ. ಮೈ ಉರಿಯಿತು. ಅವರಲ್ಲಿ ಒಬ್ಬರು ಅವನಿಗೆ ಫೋನ್ ಮಾಡಿದರೂ ಸಾಕು. ಹುಸೇನಪ್ಪ ಮಾತ್ರ ತಲೆ ಎತ್ತಲಿಲ್ಲ.

"ನನ್ನ ಬಾಯಿಂದ ಆತು ಅಕ್ಕಾರ."

ಕೊಡ ತುಂಬಿಸಿಕೊಂಡು ಮೇಲೆ ಬಂದೆ.

ಆಗಸ್ಟ್ 18, ಭಾನುವಾರ. ಸಂಜೆ

ಬಂದ.

ಮಧ್ಯಾಹ್ನ. ಗೇಟಿನಲ್ಲಿ ಹುಸೇನಪ್ಪನ ಕೂಗು, ಆಮೇಲೆ ಮೆಟ್ಟಿಲ ಮೇಲೆ ಆ ಹೆಜ್ಜೆ. ಸಾವಿರ ಜನರ ನಡುವೆಯೂ ಗುರುತು ಹಿಡಿಯಬಲ್ಲೆ. ನಾನು ಸಿಲಿಂಡರ್ ಪಕ್ಕ ನೆಲದ ಮೇಲೆ.

"ದಾನೇಶ್ವರಿ, ಬಾಗಲಾ ತಗಿ. ನನಗ ಸಿಟ್ಟಿಲ್ಲ. ಮನೀಗೆ ಹೋಗೂನು."

ಮೆತ್ತಗಿನ ದನಿ. ಅದರ ನಂತರ ಏನು ಬರುತ್ತದೆ ಅಂತ ನನಗೊಬ್ಬಳಿಗೇ ಗೊತ್ತು.

ಆಮೇಲೆ ಬಾಗಿಲುಗಳು ತೆರೆಯುವ ಸದ್ದು. ಎದುರಿನದು. ಕೆಳಗಿನದು. ಚಪ್ಪಲಿಗಳು. ಬ್ಯಾಂಕಿನವರು ಫೋನಿನಲ್ಲಿ ತೆಲುಗಿನಲ್ಲಿ ನಮ್ಮ ವಿಳಾಸ ಹೇಳುತ್ತಿದ್ದರು. ಪೊಲೀಸರಿಗೆ.

"ಇದು ಗಂಡ ಹೆಂಡ್ತಿ ಮಾತು," ಅಂದ. "ನೀವೆಲ್ಲಾ ಯಾರು?"

"ನಾವಾ? ಇಲ್ಲೇ ಇರೋರು," ಸಾವಿತ್ರಿಬಾಯಿ. "ನಮಗ ಎಲ್ಲಾ ಗೊತ್ತೈತಿ. ಇಳಿ ಕೆಳಗ."

ಬಾಗಿಲಿಗೆ ಒದ್ದ. ಮೇಲಿನ ಚಿಲಕ ಕಿತ್ತು ಬಂತು. ಕೆಳಗಿನದು ನಿಂತಿತ್ತು. ಆಮೇಲೆ ಹೊರಗೆ ಯಾರೋ ಬಿದ್ದ ಸದ್ದು, "ಯವ್ವಾ" ಅಂತ ಸಾವಿತ್ರಿಬಾಯಿ ದನಿ...

ನಾನೇ ತೆಗೆದೆ. ಯಾಕೆ, ಹೇಗೆ, ಗೊತ್ತಿಲ್ಲ. ಅವರು ಗೋಡೆಗೆ ಒರಗಿ ಬಿದ್ದಿದ್ದರು, ಹುಬ್ಬಿನ ಮೇಲೆ ರಕ್ತ. ಅವನು ನನ್ನ ಕಡೆ ತಿರುಗಿ ಕೈ ಎತ್ತಿದ. ನನ್ನ ಕಣ್ಣುಗಳು ತಾವೇ ಮುಚ್ಚಿಕೊಂಡವು. ಏಟು ಬೀಳಲಿಲ್ಲ. ತೆರೆದರೆ ಹುಸೇನಪ್ಪ ಅವನ ತೋಳಿಗೆ ಜೋತುಬಿದ್ದಿದ್ದ. ಬ್ಯಾಂಕಿನವರು ಸೊಂಟ ಹಿಡಿದಿದ್ದರು. ಪೊಲೀಸರು ಬರುವವರೆಗೂ ಯಾರೂ ಬಿಡಲಿಲ್ಲ.

ಜೀಪ್ ಹತ್ತುವಾಗ ತಿರುಗಿ ನೋಡಿ ಅಂದ — "ಎಷ್ಟು ದಿನಾ ಒಳಗ ಇಡ್ತಾರ?"

ಅದೇ ಕಿವಿಯಲ್ಲಿ ಕೂತಿದೆ.

ಆಗಸ್ಟ್ 19, ಸೋಮವಾರ. ಬೆಳಗ್ಗೆ

ಸಾವಿತ್ರಿಬಾಯಿ ಮನೆಯಲ್ಲೇ ಮಲಗಿದ್ದೆ. ನಿದ್ದೆ ಇಲ್ಲ. ಅವರ ಹುಬ್ಬಿಗೆ ಹೊಲಿಗೆ ಹಾಕಿದ್ದಾರೆ.

"ನನಗೂ ಯಾರೋ ಹೊಲಿಗಿ ಹಾಕಿದ್ರಲ್ಲ," ಅಂತ ನಕ್ಕರು. ನನಗೆ ನಗು ಬರಲಿಲ್ಲ. ಊರಿಗೆಲ್ಲ ಯಾಕೆ ಹೇಳಿದಿರಿ ಅಂತ ಕೇಳಿದೆ. "ಒಬ್ಬಾಕಿ ಕೈಲೆ ಆಗ್ತಿರಲಿಲ್ಲ," ಅಂದರು, ಅಷ್ಟೇ.

ಹತ್ತಕ್ಕೆ ಪೊಲೀಸ್ ಸ್ಟೇಷನ್. ಮಹಿಳಾ ಎಸ್‌ಐ ಹೇಳಿಕೆ ಬರೆದುಕೊಳ್ಳುತ್ತಾರಂತೆ. ಅವನೂ ಅಲ್ಲೇ, ಗೋಡೆಯ ಆಚೆ ಇರುತ್ತಾನೆ. ನನ್ನ ದನಿ ಕೇಳಿಸುತ್ತದೆ ಅವನಿಗೆ. ಆಟೋ ಬಂತು, ಹುಸೇನಪ್ಪ ಕರೆಯುತ್ತಿದ್ದಾನೆ. ಬ್ಯಾಂಕಿನವರೂ ರಜೆ ಹಾಕಿ ಹೊರಟಿದ್ದಾರೆ.

ಎಲ್ಲ ಮೊದಲಿನಿಂದ ಹೇಳಬೇಕಂತೆ. ಮರೆಯದ ಹಾಗೆ ಇಲ್ಲೇ ಒಮ್ಮೆ ಬರೆದುಕೊಳ್ಳುತ್ತೇನೆ. ಮೊದಲು ಅಂದರೆ — ಮದುವೆಯಾದ ವಾರ, ಬೆಳಗ್ಗೆ, ಅಡುಗೆಮನೆಯಲ್ಲಿ, ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ ಅವನು ಮೊದಲ ಸಲ ಕೈ ಮಾಡಿದ. ಹುಸೇನಪ್ಪ ಮತ್ತೆ ಕರೆಯುತ್ತಿದ್ದಾನೆ, ಉಳಿದದ್ದು ಅಲ್ಲೇ ಹೇಳುತ್ತೇನೆ.