ಕಿವಿಯಿಲ್ಲದ ಆಕಾಶಬುಟ್ಟಿ

ಆಶ್ವಯುಜ ಬಹುಳ ಹತ್ತೊಂಬತ್ತು, ಚಪ್ಪರದ ನೂರ ಎಂಟನೆಯ ವರ್ಷ
ಕೆಳಗಿನ ಓಣಿ, ಬೆಟಗೇರಿ

ಶೈಲಜಾ ಮುಳಗುಂದ ಅವರಿಗೆ ಕಸ್ತೂರಿ ಹುಲಕೋಟಿಯ ಶರಣು.

ನಿಮ್ಮ ಪ್ರಿಂಟರಿನಿಂದ ನೀವು ಕೇಳದ ಹಾಳೆಗಳು ಹೊರಗೆ ಬರುತ್ತಿದ್ದರೆ ಗಾಬರಿಯಾಗಬೇಡಿ. ಮಷಿನ್ ಕೆಟ್ಟಿಲ್ಲ, ಯಾರೂ ಮಾಟ ಮಾಡಿಸಿಲ್ಲ. ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನವರಿಗೆ ಬರೆಯುವ ಓಲೆ. ನಮ್ಮಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಿಂದೋಲೆ. ಅದರಲ್ಲಿ ಯಾರ ಸಾವನ್ನೂ ತಪ್ಪಿಸುವಂತಿಲ್ಲ, ಆಳುವವರಿಗೆ ಬುದ್ಧಿ ಹೇಳುವಂತಿಲ್ಲ. ಮನೆಮಟ್ಟದ ಸಣ್ಣ ಮಾತಿಗೆ ಮಾತ್ರ ಅಪ್ಪಣೆ. ಬಹಳ ಮಂದಿ ಮುತ್ತಜ್ಜಿಗೆ ಬರೆದು, ಉಪ್ಪಿನಕಾಯಿಗೆ ಏನು ಹಾಕುತ್ತಿದ್ದಿರಿ ಎಂದು ಕೇಳಿ, ಉತ್ತರ ಬರುವ ದಾರಿ ಇಲ್ಲವೆಂಬುದು ಆಮೇಲೆ ನೆನಪಾಗಿ, ತಲೆ ಚಚ್ಚಿಕೊಳ್ಳುತ್ತಾರೆ. ನಾನು ನನ್ನ ಪಾಲಿನದನ್ನು ಎಪ್ಪತ್ತು ದಾಟುವವರೆಗೆ ಕಾಯ್ದಿಟ್ಟುಕೊಂಡಿದ್ದೆ. ಈಗ ಅದನ್ನು, ಮಕ್ಕಳು ಕತ್ತರಿಸಿ ಅಂಟಿಸಲೆಂದು ನೀವು ಹಾಳೆಯ ಮೇಲೆ ಗೆರೆ ಎಳೆದು ಹಂಚಿದ ಆಕಾಶಬುಟ್ಟಿಯ ಸಲುವಾಗಿ ಖರ್ಚು ಮಾಡುತ್ತಿದ್ದೇನೆ. ಅದರಲ್ಲೊಂದು ತಪ್ಪಿದೆ. ನಿಮಗೆ ಇನ್ನೂ ಗೊತ್ತಾಗಿರಲಿಕ್ಕಿಲ್ಲ.

ನಿಮ್ಮನ್ನು ಏನೆಂದು ಕರೆಯಬೇಕೆಂದು ಬಹಳ ಯೋಚಿಸಿದೆ. ‘ಒಂದನೇ ಇಯತ್ತೆಯ ಮಗಳ ಸಲುವಾಗಿ ಮಾಡಿದ್ದು’ ಎಂದು ಹಾಳೆಯ ಅಂಚಿನಲ್ಲಿ ಬರೆದಿದ್ದೀರಿ. ಅಂದರೆ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಕಾಲ ನೋಡಿದರೆ ನನ್ನ ಮುತ್ತಜ್ಜಿಯ ಮುತ್ತಜ್ಜಿಗೆ ಓರಗೆಯವರು. ನಮ್ಮ ಕಡೆ ಮೊಮ್ಮಗಳನ್ನೂ ಅಜ್ಜಿಯನ್ನೂ ಹೆಸರಿಗೆ ‘ಅವ್ವ’ ಸೇರಿಸಿಯೇ ಕರೆಯುವುದರಿಂದ ಶೈಲವ್ವ ಎನ್ನುತ್ತೇನೆ, ಎರಡಕ್ಕೂ ಹೊಂದುತ್ತದೆ. ಇನ್ನು ನನ್ನ ಭಾಷೆ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದು ಬಹುಪಾಲು ನಿಮ್ಮ ಹಾಳೆಗಳಿಂದಲೇ, ‘ಕತ್ತರಿಸಿ, ಮಡಿಚಿ, ಅಂಟಿಸಿ’ ಎಂಬಲ್ಲಿಂದ. ಎಲ್ಲಾದರೂ ನಿಮಗೆ ಅಪ್ಪಣೆ ಕೊಟ್ಟಂತೆ ಕೇಳಿಸಿದರೆ ಅದು ನನ್ನ ಸೊಕ್ಕಲ್ಲ, ನಿಮ್ಮದೇ ಪಾಠ.

ಮೇಲಿನ ತಾರೀಖು ನೋಡಿ ನಕ್ಕಿರಬಹುದು. ಬಹುಳ ಪಕ್ಷಕ್ಕೆ ಹತ್ತೊಂಬತ್ತು ತಿಥಿ ಎಲ್ಲಿಂದ ಬಂತು ಎಂದು. ಚಂದ್ರ ತನ್ನ ಪಾಡಿಗೆ ತಾನು ಅಮಾವಾಸ್ಯೆ ಮುಗಿಸಿಕೊಂಡು ಹೋಗಿದ್ದಾನೆ, ಅವನನ್ನು ನಿಲ್ಲಿಸಲು ನಮ್ಮಿಂದಾಗುವುದಿಲ್ಲ. ಆದರೆ ಹಬ್ಬವನ್ನು ನಿಲ್ಲಿಸಬಹುದು. ಈಗೀಗ ಮಳೆ ದೀಪಾವಳಿಯ ತಲೆಯ ಮೇಲೇ ಕುಳಿತಿರುತ್ತದೆ, ಹಸಿ ಗಾಳಿಯಲ್ಲಿ ಕಾಗದದ ಬುಟ್ಟಿ ನಿಲ್ಲುವುದಿಲ್ಲ. ಹಾಗಾಗಿ ಆಕಾಶ ಒಣಗುವವರೆಗೆ ತಿಥಿಯನ್ನು ಮುಂದಕ್ಕೆ ಎಣಿಸುತ್ತಲೇ ಇರುತ್ತೇವೆ. ಒಂದು ಊರು ಕಾಗದಕ್ಕಾಗಿ ಪಂಚಾಂಗವನ್ನೇ ಕಾಯಿಸುತ್ತದೆ ಎಂಬುದು ನಿಮಗೆ ತಿಳಿಯಲಿ. ಚಪ್ಪರದ ವರ್ಷ ಎಂದರೆ ಊರಿನ ಬೀದಿಗಳಿಗೆಲ್ಲ ನೆರಳು ಹೊದಿಸಿದಂದಿನಿಂದ ಎಣಿಸುವ ವರ್ಷ. ಆ ಚಪ್ಪರವಿಲ್ಲದ ಕಾಲದಲ್ಲಿ ನೀವೆಲ್ಲ ಮಧ್ಯಾಹ್ನ ಬಯಲಲ್ಲೇ ಓಡಾಡುತ್ತಿದ್ದಿರಂತೆ. ನಾವು ನಸುಕಿನಲ್ಲೇ ರೊಟ್ಟಿ ಬಡಿದು, ಮಗ್ಗದ ಕೆಲಸ ಮುಗಿಸಿ, ಬಿಸಿಲೇರಿ ನೆರಳುಹೊತ್ತು ಶುರುವಾದೊಡನೆ ಬಾಗಿಲು ಹಾಕಿ ಮಲಗುತ್ತೇವೆ. ಇಳಿಹೊತ್ತಿಗೆ ಮತ್ತೆ ಓಣಿ ಎದ್ದು ಕೂರುತ್ತದೆ, ಆಗ ಎಲ್ಲರ ಕೈಯಲ್ಲೂ ಒಂದು ಕತ್ತರಿ.

ನಿಮ್ಮ ಕಾಲದ ಪರದೆಗಳ ಮೇಲಿದ್ದದ್ದು ಒಂದೂ ನಮಗೆ ಸಿಗಲಿಲ್ಲ, ಶೈಲವ್ವ. ಸಿಕ್ಕಿದ್ದು ಯಾರೋ ಪುಣ್ಯಾತ್ಮರು ಝೆರಾಕ್ಸ್ ಅಂಗಡಿಗೆ ಹೋಗಿ ಮಾಡಿಸಿಟ್ಟ ಹಾಳೆಗಳು. ಅವುಗಳಲ್ಲಿ ನಿಮ್ಮವು ಒಂದು ಕಟ್ಟು, ಪ್ರತಿಯೊಂದರ ಕೆಳಗೂ ನಿಮ್ಮ ಹೆಸರು, ಪಕ್ಕದಲ್ಲಿ ‘ಮನೆಮಂದಿಗೆಲ್ಲ ಪುಕ್ಕಟೆ’ ಎಂಬ ಮಾತು. ನಾವು ಅದೇ ಗೆರೆಗಳನ್ನು ಕೈಯಿಂದ ನಕಲು ಮಾಡುತ್ತ ಬಂದಿದ್ದೇವೆ. ಗಣಪ್ಪನ ಹಿಂದೆ ನಿಲ್ಲಿಸುವ ಮಂಟಪ ನಿಮ್ಮದು. ಸಂಕ್ರಾಂತಿಯ ಎಳ್ಳಿನ ಪೊಟ್ಟಣ ನಿಮ್ಮದು. ಬನ್ನಿ ಮರಗಳು ಅಪರೂಪವಾದ ಮೇಲೆ ದಸರೆಗೆ ನಿಮ್ಮ ಕಾಗದದ ಬನ್ನಿ ಎಲೆಯನ್ನೇ ಕೈಯಲ್ಲಿಟ್ಟು ಬಂಗಾರದಂತೆ ಇರೋಣ ಎನ್ನುತ್ತೇವೆ; ಎಲೆ ಕಾಗದದ್ದಾದರೂ ಕಾಲಿಗೆ ಬೀಳುವುದು ನಿಜವಾಗಿಯೇ. ಒಂದು ಚೂಪು ಟೊಪ್ಪಿಗೆ ಮಾತ್ರ ಯಾವ ಹಿರಿಯರಿಗೆಂದು ಮಾಡಿದ್ದಿರೋ ತಿಳಿಯಲಿಲ್ಲ. ಮೇಲೆ ಬಣ್ಣದ ಚುಕ್ಕಿ, ತುದಿಯಲ್ಲಿ ಗೊಂಡೆ. ಭಾರಿ ಅಧಿಕಾರದ್ದಿರಬೇಕೆಂದು ಓಣಿ ಸಭೆಯ ಯಜಮಾನರ ತಲೆಗೆ ಇಡುತ್ತೇವೆ. ಅದು ಮಕ್ಕಳ ಹುಟ್ಟುಹಬ್ಬದ್ದು ಎಂದು ನನ್ನ ಮಗಳು ಅನುಮಾನಪಡುತ್ತಾಳೆ, ಆದರೆ ಯಜಮಾನರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಈಗ ಆಕಾಶಬುಟ್ಟಿಗೆ ಬರುತ್ತೇನೆ. ಕಾಗದವನ್ನು ಮಡಿಚಿ ಡಬ್ಬಿ ಮಾಡುವಾಗ ಅಂಟಿಸಲೆಂದು ಕೊನೆಯ ಬದಿಗೆ ಒಂದು ಸಣ್ಣ ಅಂಚು ಬಿಡುತ್ತೀರಲ್ಲ, ಅದಕ್ಕೆ ನಾವು ಕಿವಿ ಎನ್ನುತ್ತೇವೆ. ನಿಮ್ಮ ಪೊಟ್ಟಣಕ್ಕೆ ಕಿವಿ ಇದೆ, ಮಂಟಪಕ್ಕೆ ಇದೆ, ಟೊಪ್ಪಿಗೆಗೂ ಇದೆ. ಆಕಾಶಬುಟ್ಟಿಗೆ ಇಲ್ಲ. ಅದರ ನಾಲ್ಕನೆಯ ಬದಿ ಹಾಳೆಯ ತುದಿಯವರೆಗೆ ಬಂದು ನಿಂತಿದೆ, ಕಿವಿಗೆ ಜಾಗವೇ ಉಳಿದಿಲ್ಲ. ಬುಟ್ಟಿ ದೊಡ್ಡದು ಬೇಕೆಂದು ನಿಮ್ಮ ಮಗಳು ಹಟ ಹಿಡಿದಿರಬೇಕು, ನೀವು ಗೆರೆಗಳನ್ನು ಹಿಗ್ಗಿಸುತ್ತ ಹೋಗಿ ಕಿವಿಯನ್ನು ಮರೆತಿರಬೇಕು. ನಿಮಗೆ ಅಂಟುವ ಟೇಪು ಇತ್ತಂತೆ, ಹಾಗಾಗಿ ತಪ್ಪು ಕಾಣಿಸಿರಲಿಕ್ಕಿಲ್ಲ. ನಮಗೆ ಆ ಟೇಪು ಇಲ್ಲ. ನಮ್ಮ ಕಾಗದವೂ ಗೋವಿನಜೋಳದ ಸಿಪ್ಪೆಯದು, ಮಹಾ ಮೊಂಡು, ಮಡಿಚಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕಿವಿಯಿಲ್ಲದ ಬುಟ್ಟಿ ಮುಚ್ಚಬೇಕೆಂದರೆ ಒಬ್ಬರು ಎರಡು ಅಂಚುಗಳನ್ನು ಕೂಡಿಸಿ ಹಿಡಿಯಬೇಕು, ಇನ್ನೊಬ್ಬರು ಮೇಲೆ ಬಟ್ಟೆಯ ಪಟ್ಟಿ ಇಟ್ಟು ಹಿಟ್ಟಿನ ಅಂಟು ಬಳಿಯಬೇಕು, ಆಮೇಲೆ ಒಣಗುವವರೆಗೆ ಇಬ್ಬರೂ ಎದುರುಬದುರು ಕುಳಿತು ಒತ್ತಿಕೊಂಡಿರಬೇಕು. ಹಸಿ ಗಾಳಿಯಲ್ಲಿ ಅದು ಬೇಗ ಒಣಗುವ ಪೈಕಿಯಲ್ಲ.

ಹೀಗೆ ಹಿಡಿಯಲು ಬರುವವರಿಗೆ ಹಿಡಿಗೈ ಎಂದು ಹೆಸರು. ಹಿಡಿಗೈ ಮನೆಯವರೇ ಆಗಬಾರದು, ಹೊರಗಿನಿಂದ ಬರಬೇಕು. ಮನೆಯವರೇ ಹಿಡಿದರೆ ಅದು ಬುಟ್ಟಿಯಲ್ಲ, ಡಬ್ಬಿ ಎಂದು ನಗುತ್ತಾರೆ. ಮುಚ್ಚದ ಬುಟ್ಟಿಯನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಇಟ್ಟರೆ ‘ಬನ್ನಿ, ಹಿಡಿಯಿರಿ’ ಎಂದು ಕರೆದ ಹಾಗೆ. ಮುನಿಸಿಕೊಂಡವರನ್ನು ಬಾಯಿಬಿಟ್ಟು ಕರೆಯುವುದು ಕಷ್ಟ ನೋಡಿ, ಬುಟ್ಟಿ ಇಟ್ಟು ಒಳಗೆ ಹೋಗುವುದು ಸುಲಭ. ಹೊಲದ ಬದುವಿಗೆ ಜಗಳವಾಡಿದವರು, ಸೊಸೆಯನ್ನು ತವರಿಗೆ ಅಟ್ಟಿದವರು, ಎಷ್ಟೋ ಮಂದಿ ಈ ಕಟ್ಟೆಯ ಮೇಲೆ ಒಂದಾಗಿದ್ದಾರೆ.

ನನಗೆ ಈ ಪದ್ಧತಿಯ ಮೇಲೆ ಮೂರು ವರ್ಷದಿಂದ ಸಿಟ್ಟಿತ್ತು. ಒಂಟಿ ಹೆಂಗಸು, ಯಾರ ಹಂಗೂ ಇಲ್ಲದೆ ನನ್ನ ಬುಟ್ಟಿ ನಾನೇ ಮುಚ್ಚಿಕೊಳ್ಳುತ್ತೇನೆ, ಒಂದು ಕಿವಿ ಸೇರಿಸಿದರೆ ಯಾರ ಗಂಟು ಹೋಗುತ್ತದೆ ಎಂದು ಸಭೆಯಲ್ಲಿ ವಾದಿಸಿದೆ. ಅಪ್ಪ ಹಾಕಿದ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುತ್ತೀರಾ ಎಂದೂ ಅಂದೆ. ಯಜಮಾನರು ಟೊಪ್ಪಿಗೆ ಸರಿಮಾಡಿಕೊಂಡು, ಗೆರೆ ಎಳೆದವರೇ ತಿದ್ದಿದರೆ ನಮ್ಮದೇನೂ ತಕರಾರಿಲ್ಲ ಎಂದರು. ಸರಿ, ಅವರನ್ನೇ ಕೇಳುತ್ತೇನೆ ಎಂದು ಹಿಂದೋಲೆಗೆ ಕುಳಿತೆ. ನಾಲ್ಕನೆಯ ಬದಿಗೆ ಕಿವಿ ಸೇರಿಸಿ ಎಂದು ನಿಮಗೆ ಖಾರವಾಗಿಯೇ ಬರೆದಿದ್ದೆ, ಇನ್ನೂ ಕಳಿಸಿರಲಿಲ್ಲ.

ನಿಜವಾದ ಕಾರಣ ಬೇರೆ. ನನ್ನ ಹಿಡಿಗೈ ನನ್ನ ಅಕ್ಕ ಶಿವಗಂಗಾ. ಮದುವೆಯಾದಂದಿನಿಂದ ಅವಳ ಬುಟ್ಟಿಗೆ ನಾನು, ನನ್ನ ಬುಟ್ಟಿಗೆ ಅವಳು. ಅವಳ ಮನೆ ಮೇಲೂರಿನಲ್ಲಿ, ಕಪ್ಪತಗುಡ್ಡದ ಕಲ್ಲಿನೊಳಗೆ ಕೊರೆದು ಕಟ್ಟಿದ ಊರು, ನಮ್ಮ ಬೇಗೆ ಅಲ್ಲಿಗೆ ತಲುಪುವುದಿಲ್ಲ. ಅವ್ವ ಹಾಸಿಗೆ ಹಿಡಿದಾಗ ಅಕ್ಕ ಅವಳನ್ನು ಅಲ್ಲಿಗೆ ಕರೆದೊಯ್ದಳು. ಬೇಡ, ಅವ್ವ ತನ್ನ ಮನೆಯಲ್ಲೇ ಇರಲಿ ಎಂದು ನಾನು ಅತ್ತೆ. ಅವ್ವ ಅಲ್ಲಿಯೇ ತೀರಿಕೊಂಡಳು. ಹುಟ್ಟಿದ ಓಣಿ ಬಿಟ್ಟು ಗುಡ್ಡದ ಹೊಟ್ಟೆಯೊಳಗೆ, ಗುರುತಿಲ್ಲದ ಗೋಡೆ ನೋಡುತ್ತ ಹೋದಳಲ್ಲ ಎಂಬುದು ನನ್ನ ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು. ಅಂದಿನಿಂದ ಅಕ್ಕನೊಡನೆ ಮಾತಿಲ್ಲ, ನನ್ನ ಬಾಗಿಲಿಗೆ ಬುಟ್ಟಿಯೂ ಇಲ್ಲ. ಬೇರೆ ಹಿಡಿಗೈ ಕರೆಯಲು ಮನಸ್ಸಾಗಲಿಲ್ಲ.

ಮೊನ್ನೆ ನಿಮಗೆ ಕಿವಿ ಎಷ್ಟು ಅಗಲ ಬೇಕೆಂದು ಬರೆಯಬೇಕಲ್ಲ, ಅಳತೆ ನೋಡಲೆಂದು ಒಂದು ಬುಟ್ಟಿ ಕತ್ತರಿಸಿ ಬಣ್ಣ ಹಚ್ಚಿದೆ. ಮನೆಯೊಳಗೆ ಬಣ್ಣ ಆರಲಿಲ್ಲ. ಗಾಳಿಗೆ ಆರಲಿ ಎಂದು ಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ಕಟ್ಟೆಯ ಮೇಲೆ ಮುಚ್ಚದ ಬುಟ್ಟಿ ಇಡುವುದೆಂದರೇನು ಎಂಬುದು ಬುಟ್ಟಿಯ ಮೇಲೆ ಇಷ್ಟು ಸಭೆ ನಡೆಸಿದ ನನಗೇ ಹೊಳೆಯಲಿಲ್ಲ. ನೂಲು ತೆಗೆದುಕೊಳ್ಳಲು ಗುಡ್ಡದಿಂದ ಇಳಿದು ಬಂದಿದ್ದ ಅಕ್ಕ ಅದನ್ನು ನೋಡಿದ್ದಾಳೆ. ನಾನು ಹೊರಗೆ ಬಂದಾಗ ಚೀಲ ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು, ಎರಡು ಅಂಚುಗಳನ್ನೂ ಆಗಲೇ ಕೂಡಿಸಿ ಹಿಡಿದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ನನ್ನ ಸಲುವಾಗಿ ಇಟ್ಟೀಯೇನ?” ಎಂದಳು.

ಬಣ್ಣ ಆರಲು ಇಟ್ಟದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅಂಚುಗಳನ್ನು ಬಿಡದೆ ಹಿಡಿದೇ ಇದ್ದಳು. “ಹೂಂ” ಎಂದುಬಿಟ್ಟೆ, ಒಳಗೆ ಹೋಗಿ ಅಂಟು ಕುದಿಸಿಕೊಂಡು ಬಂದೆ.

ಪಟ್ಟಿ ಇಟ್ಟು ಅಂಟು ಬಳಿದು ಇಬ್ಬರೂ ಒತ್ತಿಕೊಂಡು ಕುಳಿತೆವು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಮೊದಲು ಅವಳು ಓಣಿ ನೋಡಿದಳು, ನಾನು ಬುಟ್ಟಿ ನೋಡಿದೆ. ಒಣಗದ ಅಂಟಿಗೆ ಇಬ್ಬರೂ ಬೈದೆವು. ಎಷ್ಟು ಹೊತ್ತು ಅಂತ ಅಂಟಿಗೇ ಬೈಯುವುದು? ನೂಲಿನ ಮಾತು ಬಂತು, ಅವಳ ಮೊಣಕಾಲಿನ ಮಾತು ಬಂತು. ಕೊನೆಗೆ ನಾನೇ ಕೇಳಿದೆ, ಅವ್ವ ಅಲ್ಲಿ ಬಹಳ ಸಂಕಟಪಟ್ಟಳೇ ಎಂದು. ಅಕ್ಕ ನನ್ನ ಮುಖವನ್ನೇ ನೋಡಿದಳು.

“ಅವ್ವಗ ಅಲ್ಲೆ ಥಂಡಿ ಹತ್ತಿತ್ತ, ಕಸ್ತೂರಿ. ದಿನಾ ಚಾದರ ಹೊಚ್ಚು ಅಂತಿದ್ಲು. ಹೊಚ್ಚಿದ್ರ ಸಣ್ಣ ಹುಡಿಗ್ಯಾಂಗ ನಗತಿದ್ಲು.”

ನಿಮಗೆ ಇದು ಅರ್ಥವಾಗುತ್ತದೋ ಇಲ್ಲವೋ, ಶೈಲವ್ವ. ನಿಮ್ಮ ಮನೆಯಲ್ಲಿ ಚಳಿಗಾಲವೆಂಬುದು ಇನ್ನೂ ಇದೆ. ನಮ್ಮ ಅವ್ವ ಹುಟ್ಟಿನಿಂದ ಬೆವರು ಒರೆಸಿಕೊಂಡೇ ಬದುಕಿದವಳು, ಚಳಿ ಎಂಬುದನ್ನು ಅವಳು ಕೇಳಿದ್ದಳೇ ಹೊರತು ಕಂಡಿರಲಿಲ್ಲ. ಕೊನೆಯ ದಿನಗಳಲ್ಲಿ ಅವಳಿಗೆ ಚಳಿಯಾಯಿತು, ಹೊದಿಕೆ ಕೇಳಿದಳು, ಹೊದ್ದು ನಕ್ಕಳು. ಮೂರು ವರ್ಷ ನಾನು ಗೋಡೆಯನ್ನು ಮಾತ್ರ ಕಾಣುತ್ತಿದ್ದೆ, ಚಾದರವನ್ನು ಕಂಡಿರಲಿಲ್ಲ. ನಾನು ಅತ್ತೆ. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಬುಟ್ಟಿಯ ಮೇಲೆ. ಅಕ್ಕನದೂ ಅದೇ ಪಾಡು. ಅವಳು ತನ್ನ ಭುಜವನ್ನು ಮುಂದೆ ತಂದಳು, ನಾನು ಅದಕ್ಕೇ ಮುಖ ಒರೆಸಿಕೊಂಡೆ.

ಖಾರವಾಗಿ ಬರೆದ ಆ ಮೊದಲ ಓಲೆಯನ್ನು ಒಲೆಗೆ ಹಾಕಿದ್ದೇನೆ. ಅದಕ್ಕೆ ಬದಲು ಇದು. ನೀವು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅನ್ನಕ್ಕಿಟ್ಟು, ಕುಕ್ಕರಿನ ಸೀಟಿಗೆ ಕಿವಿಗೊಡುತ್ತ ಎಳೆದ ಗೆರೆಗಳಿರಬೇಕು ಅವು. ಯಾರಿಂದಲೂ ಏನೂ ಕೇಳದೆ ಪುಕ್ಕಟೆ ಎಂದು ಬರೆದು ಹಂಚಿದಿರಿ. ನೀವು ಸರಿಯಾಗಿ ಮಾಡಿದ ಎಲ್ಲದಕ್ಕೂ ನಮ್ಮ ಊರು ನಿಮಗೆ ಋಣಿ. ತಪ್ಪಿ ಮಾಡಿದ ಒಂದಕ್ಕೆ ನಾನು ಋಣಿ. ನಿಮ್ಮ ಹೊಟ್ಟೆ ತಣ್ಣಗಿರಲಿ, ನಿಮ್ಮ ಮಗಳು ನೂರು ದೀಪಾವಳಿ ಕಾಣಲಿ.

ಇನ್ನು ನನ್ನ ಬೇಡಿಕೆ. ನಾಳೆಯೋ ನಾಡಿದ್ದೋ ನೀವು ಹಾಳೆ ಹಂಚುವ ಗುಂಪಿನಲ್ಲಿ ಯಾರಾದರೂ ಚುರುಕಾದ ತಾಯಿ ಬರೆಯುತ್ತಾಳೆ, ಮೇಡಂ, ಆಕಾಶಬುಟ್ಟಿಗೆ ಅಂಟಿಸುವ ಅಂಚೇ ಇಲ್ಲ ಎಂದು. ಅವಳು ಹೇಳುವುದು ನಿಜ. ನಿಮಗೆ ನಾಚಿಕೆಯಾಗುತ್ತದೆ, ತಕ್ಷಣ ತಿದ್ದಿ ಹೊಸ ಹಾಳೆ ಹಾಕೋಣವೆನಿಸುತ್ತದೆ, ಐದು ನಿಮಿಷದ ಕೆಲಸ. ದಯವಿಟ್ಟು ತಿದ್ದಬೇಡಿ. ಪಕ್ಕದ ಮನೆಯವರನ್ನು ಹಿಡಿದುಕೊಳ್ಳಲು ಕರೆಯಿರಿ ಎಂದು ಅವಳಿಗೆ ಉತ್ತರ ಬರೆದು ಸುಮ್ಮನಿದ್ದುಬಿಡಿ.

ಅಕ್ಕ ನಿನ್ನೆ ಮೇಲೂರಿಗೆ ಮರಳಿದಳು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, ತನ್ನ ಮನೆಯಲ್ಲೂ ಬುಟ್ಟಿಯೊಂದು ಮೂರು ವರ್ಷದಿಂದ ಮುಚ್ಚದೆ ಹಾಗೇ ಇದೆ ಎಂದು ಹೇಳಿ ಹೋದಳು. ನಾಳೆ ಬೆಳಗಿನ ಗಾಡಿಗೆ ನಾನು ಹೊರಟಿದ್ದೇನೆ. ನೀವು ಆ ಅಂಚೊಂದನ್ನು ಸೇರಿಸಿಬಿಟ್ಟರೆ ನನಗೆ ಅಲ್ಲಿ ಕೆಲಸವಿರುವುದಿಲ್ಲ, ಶೈಲವ್ವ.