ಮಬ್ಬುಗತ್ತಲಿಗೆ ಒಂದು ದುರ್ಬೀನು

ತಾವರೆಕೆರೆ
೨೨-೧೦-೧೯೭೮, ಭಾನುವಾರ

ಪ್ರೀತಿಯ ತಮ್ಮ ರೇಣುಕಯ್ಯನಿಗೆ,

ಅಕ್ಕ ಸರೋಜಳ ಆಶೀರ್ವಾದ. ಪರೇಡಿನಲ್ಲಿ ಉಳುಕಿದ್ದ ಮೊಣಕಾಲು ಹೇಗಿದೆ? ಅಲ್ಲಿ ಆಗಲೇ ಚಳಿ ಹಿಡಿದಿದೆ ಅಂತ ಬರೆದಿದ್ದೆ. ಅಮ್ಮ ಕೊಟ್ಟ ಮಫ್ಲರನ್ನು ಮಾಸುತ್ತದೆ ಅಂತ ಟ್ರಂಕಿನ ತಳದಲ್ಲಿ ಇಟ್ಟಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ, ತೆಗೆದು ಸುತ್ತಿಕೋ. ಇಲ್ಲಿ ಎಲ್ಲರೂ ಆರೋಗ್ಯ. ನಾನು ವಾರವೆಲ್ಲ ಮಧುಗಿರಿ ಕೋರ್ಟಿನಲ್ಲಿ ಟೈಪು ಕುಟ್ಟಿ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತೇನೆ. ನಿನಗೆ ಬರೆದ ಕಾಗದವನ್ನು ಅಪ್ಪನಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ ಮೇಲೆಯೇ ಲಕೋಟೆಗೆ ಅಂಟು ಹಚ್ಚಬೇಕು ಅನ್ನುವ ಮನೆಯ ಕಾನೂನು ಇನ್ನೂ ಜಾರಿಯಲ್ಲಿದೆ. ಆದ್ದರಿಂದ ಅಪ್ಪನ ಬಗ್ಗೆ ಬರೆಯುವಾಗ ಕೈ ಬಿಗಿಹಿಡಿದು ಬರೆಯುತ್ತೇನೆ. ಹೊಗಳಿದರೆ ಹಲ್ಲು ಕಿರಿಯುತ್ತೀಯೇನೇ ಅನ್ನುತ್ತಾರೆ, ತೆಗಳಿದರೆ ಊಟಕ್ಕೆ ಏಳುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ರಿಟೈರಾಗಿ ಹೊರಟಿರುವ ನಿಮ್ಮ ಮೇಜರ್ ಸಾಹೇಬರು ಬೇಟೆಯ ಖಯಾಲಿ ಬಿಟ್ಟಿದ್ದಾರೆ, ಅವರ ಹತ್ತಿರ ರೈಫಲ್ಲಿನ ಮೇಲೆ ಕೂರಿಸುವ ಸ್ಕೋಪು ಎರಡಿವೆ, ಯಾವುದು ಇಸಿದುಕೊಂಡು ಬರಲಿ ಅಂತ ಕೇಳಿದ್ದೆ. ಒಂದು ಒಂಬತ್ತು ಪವರಿನದು, ಅದರ ಮುಂದಿನ ಗಾಜು ಮೂವತ್ತಾರು ಮಿಲಿಮೀಟರು. ಇನ್ನೊಂದು ಆರು ಪವರಿನದು, ಗಾಜು ನಲವತ್ತೆರಡು. ಗಾಜಿನ ಅಗಲವನ್ನು ಪವರಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆ ಎಷ್ಟು ಅಗಲ ಅನ್ನುವುದು ಸಿಗುತ್ತದೆ, ಮೊದಲನೆಯದಕ್ಕೆ ನಾಲ್ಕು, ಎರಡನೆಯದಕ್ಕೆ ಏಳು, ಹೊತ್ತು ಮುಳುಗಿದ ಮೇಲೆ ಏಳೇ ವಾಸಿ ಅಂತ ನೀನು ವಿವರವಾಗಿ ಬರೆದಿದ್ದನ್ನು ಅಪ್ಪನಿಗೆ ಎರಡು ಸಲ ಓದಿದೆ. ಒಂಬತ್ತರದರೊಳಗಿನ ಗುರಿಗೆರೆ ಕೂದಲಿನಷ್ಟು ತೆಳು, ಕಪ್ಪು ಹಂದಿಯ ಮೈಮೇಲೆ ಮಬ್ಬಿನಲ್ಲಿ ಕಳೆದುಹೋಗುತ್ತದೆ, ಆರರದರಲ್ಲಿ ದಪ್ಪ ಗೆರೆ ಇದೆ ಅನ್ನುವುದನ್ನೂ ಓದಿದೆ. ಅಪ್ಪ ಎಲೆ ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿಸಿಕೊಂಡು, “ಒಂಬತ್ತು ದೊಡ್ದೋ ಆರು ದೊಡ್ದೋ?” ಅಂದರು. ನಿನ್ನ ಲೆಕ್ಕ ಅಲ್ಲಿಗೇ ವಜಾ ಆಯಿತು.

ಅಪ್ಪನ ಕಡೆಯ ವಾದವನ್ನೂ ಬರೆಯಬೇಕಲ್ಲ, ಬರೆಯುತ್ತೇನೆ. ಈ ಸಲ ಗುಡ್ಡದ ಕಡೆಯ ಹೊಲದಲ್ಲಿ ಕಡಲೆಕಾಯಿ ಚೆನ್ನಾಗಿ ಕಚ್ಚಿದೆ. ಅರ್ಧ ಹೊಲ ಕಿತ್ತಾಗಿದೆ, ಇನ್ನರ್ಧ ನೆಲದಲ್ಲಿದೆ. ಹಂದಿಗಳಿಗೂ ವಿಷಯ ತಿಳಿದಿದೆ. ಅಜ್ಜನ ಪಟೇಲಿಕೆಯ ಕಾಲದ ರೈಫಲ್ಲು, ಬೆಳೆ ಕಾಯುವುದಕ್ಕೆ ಅಪ್ಪನ ಹೆಸರಿನಲ್ಲಿರುವ ಲೈಸೆನ್ಸು, ಎರಡಕ್ಕೂ ಮರ್ಯಾದೆ ಬರುವುದು ವರ್ಷದಲ್ಲಿ ಈ ಒಂದು ತಿಂಗಳು. ಹೊತ್ತು ಮುಳುಗಿದ ಮೇಲೆ ಯಾರೂ ಆ ಹೊಲಕ್ಕೆ ಕಾಲಿಡಕೂಡದು, ಕೋವಿ ಕಾವಲಿದೆ ಅಂತ ಊರಲ್ಲಿ ತಮಟೆ ಹೊಡೆಸಿದ್ದಾರೆ. ಹಗಲು ಹಕ್ಕಲು ಆಯುವ ಹೆಂಗಸರು, ಅಂದರೆ ಕಿತ್ತ ನೆಲದಲ್ಲಿ ಕಳಚಿ ಉಳಿದ ಕಾಯಿ ಕೆದಕಿಕೊಳ್ಳುವವರು, ಹೊತ್ತಿಳಿಯುವ ಮೊದಲೇ ಮಡಿಲು ಕಟ್ಟಿಕೊಂಡು ಓಡುತ್ತಾರೆ. ಆಮೇಲೆ ಅಪ್ಪ ಅಟ್ಟಣೆ ಹತ್ತುತ್ತಾರೆ. ಹುಣಸೆಮರದ ಮೂಲೆಗೆ ಒಂದು ಮುದಿ ಹಂದಿ ದಿನಾ ಒಂದೇ ಹೊತ್ತಿಗೆ ಬರುತ್ತದಂತೆ, ಬಹಳ ನಿಧಾನದ್ದಂತೆ. “ಗುರಿಮೊನೆ ಕಾಣಾಕಿಲ್ಲ ಕಣಮ್ಮ, ಅದುಕ್ಕೇ ಬುಟ್ಟಿವ್ನಿ. ದುರ್ಬೀನು ಬರ್ಲಿ, ಒಂದೇ ಏಟು” ಅಂತ ನನ್ನ ಹತ್ತಿರ ಕೈ ತಿರುವಿ ಹೇಳಿದರು.

ಏಳರ ಬಿಲ್ಲೆಯಲ್ಲಿ ಮಬ್ಬಿಗೆ ಎಷ್ಟು ಕಾಣುತ್ತದೆ ಅಂತ ನೀನು ಹೇಳಿದ ಪರೀಕ್ಷೆಯನ್ನೂ ಮಾಡಿದೆ. ಫಾರೆಸ್ಟ್ ಗಾರ್ಡ್ ರುದ್ರಯ್ಯನವರ ಹತ್ತಿರ ಏಳು ಪವರಿನ, ಐವತ್ತರ ಗಾಜಿನ ಜೋಡಿ ದುರ್ಬೀನು ಇತ್ತು. ಯಾತಕ್ಕಮ್ಮ ಅಂದರು, ಹಕ್ಕಿ ನೋಡುವುದಕ್ಕೆ ಅಂದೆ. ಅವರು ನಂಬಲಿಲ್ಲ, ಆದರೂ ಕೊಟ್ಟರು. ನಿನ್ನೆ ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಬದುವಿನ ಮೇಲೆ ಬರುತ್ತಿದ್ದರೆ ಅಟ್ಟಣೆಯಿಂದ ಅಪ್ಪ, “ಯಾವನ್ಲಾ ಅದು, ಕಾಟಪ್ಪನಾ?” ಅಂತ ಕೂಗಿದರು. ಕಾಟಪ್ಪ ಅಂದರೆ ಗೊಬ್ಬರಕ್ಕೆ ನಮ್ಮ ಹೊಲದಲ್ಲಿ ಕುರಿ ತರುಬುತ್ತಾನಲ್ಲ, ಆ ಗಡ್ಡದವನು. ಮಧುಗಿರಿಯ ಹೋಟೆಲೂಟದಿಂದ ನಾನು ಆ ಗಾತ್ರಕ್ಕೆ ಬಂದಿದ್ದೇನೆ ಅಂತ ತಿಳಿದುಕೋ. ಚಿತ್ತೆ ಮಳೆ ಸಣ್ಣಗೆ ಹನಿಯುತ್ತಿತ್ತು. ಹೊತ್ತು ಮುಳುಗಿತ್ತು, ಆದರೆ ನೆಲದ ಹೆಂಟೆಗಳು ಬೇರೆಬೇರೆಯಾಗಿ ಕಾಣುವಷ್ಟು ಬೆಳಕಿತ್ತು. ಅಪ್ಪ ದುರ್ಬೀನನ್ನು ಕಣ್ಣಿಗಿಟ್ಟು ಬಹಳ ಹೊತ್ತು ತಿರುಗಿಸಿ, ಕೊನೆಗೆ ಹುಣಸೆಮರದ ಮೂಲೆಗೆ ನಿಲ್ಲಿಸಿದರು. “ಐತೆ ಕಣಮ್ಮ. ಮೂತಿ ನೆಲಕ್ಕೆ ಊರೈತೆ. ಕೆದುಕ್ತಾ ಐತೆ” ಅಂದರು. ನನಗೂ ಕೊಟ್ಟರು, ನಾನೂ ನೋಡಿದೆ. ಅಷ್ಟರಲ್ಲಿ ನನ್ನ ಕೈಜಾರಿ ನೀರಿನ ತಾಮ್ರದ ಚೊಂಬು ಅಟ್ಟಣೆಯಿಂದ ಕೆಳಗಿನ ಬಂಡೆಗೆ ಬಿದ್ದು ಊರಿಗೆಲ್ಲ ಕೇಳುವ ಹಾಗೆ ಸದ್ದಾಯಿತು. ಹಂದಿ ಎದ್ದು ಬದುವಿನ ಹಿಂದಕ್ಕೆ ಹೋಯಿತು. ಅಪ್ಪ ನನಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರಿಗೇ ಓದಿ ಹೇಳಬೇಕಾಗುತ್ತದೆ.

ಆದ್ದರಿಂದ ತೀರ್ಪು ಹೀಗಿದೆ: ಒಂಬತ್ತು ಪವರಿನದನ್ನೇ ತರತಕ್ಕದ್ದು. ದೊಡ್ಡದಾಗಿ ಕಂಡರೆ ಸಾಕು, ಬೆಳಕಿನ ವಿಚಾರ ತಾವು ನೋಡಿಕೊಳ್ಳುತ್ತೇವೆ ಅಂತ ಅಪ್ಪ ಅಪ್ಪಣೆ ಕೊಡಿಸಿದ್ದಾರೆ. ಸ್ಕೋಪು ಕೂರಿಸಿದರೆ ಬೋಲ್ಟು ಎತ್ತುವಾಗ ಅದರ ಹಿಡಿಕೆ ಸ್ಕೋಪಿಗೆ ತಾಗುತ್ತದೆ, ಹಿಡಿಕೆಯನ್ನು ಕಾಯಿಸಿ ಕೆಳಕ್ಕೆ ಬಗ್ಗಿಸಬೇಕು ಅಂತ ನೀನು ಬರೆದಿದ್ದೆಯಲ್ಲ, ಆ ಕೆಲಸ ಈಗಲೇ ಮುಗಿದಿರಲಿ, ಸಿರಾದಲ್ಲಿ ಕೋವಿ ರಿಪೇರಿ ಮಾಡುವ ಸಾಬರಿಗೆ ನಾನೇ ಕೊಟ್ಟು ಮಾಡಿಸುತ್ತೇನೆ ಅಂದೆ. ಅಪ್ಪ ಒಪ್ಪಿ, ಬೋಲ್ಟನ್ನು ಬಿಚ್ಚಿ, ಎಣ್ಣೆ ಒರೆಸಿ, ತಾವೇ ಹಳೇ ಟವಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದ್ದಾರೆ. ಬೋಲ್ಟಿಲ್ಲದೆ ಕೋವಿ ಹಾರುವುದಿಲ್ಲ, ಅಲ್ಲಿಯವರೆಗೆ ಹಂದಿಗಳಿಗೆ ರಜೆ.

ಅಮ್ಮ ಎರಡು ಸೇರಿನಷ್ಟು ಕಡಲೆಕಾಯಿ ಹುರಿದು ಪಾರ್ಸಲ್ ಕಟ್ಟಿದ್ದಾಳೆ. ಒಬ್ಬನೇ ತಿನ್ನಬೇಡ, ಜೊತೆಯವರಿಗೂ ಕೊಡು. ಒಲೆ ಮುಂದೆ ಕೂತು ಹುರಿಯುವಾಗ ಅವಳ ಮುಖ ನೋಡಬೇಕಿತ್ತು, ನೀನು ಬಾಗಿಲಲ್ಲೇ ಬಂದು ನಿಂತ ಹಾಗೆ ಇದ್ದಳು. ನನಗೆ ಒಂದು ಹಿಡಿ ಕೊಟ್ಟು, ಸಾಕು ಬುಡು ಅಂದಳು. ಕೆಂದ ಹಸು ಗಬ್ಬವಾಗಿದೆ. ನೀನು ನೆಟ್ಟ ನಿಂಬೆಗಿಡ ಹೂ ಬಿಟ್ಟಿದೆ. ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ಈ ಲಕೋಟೆಯೊಳಗಿದೆ, ಜೋಪಾನವಾಗಿ ಬಿಚ್ಚು.

ನಿನ್ನ ಅಕ್ಕ,
ಸರೋಜ

ಮರೆತ ಮಾತು: ಸೋಮವಾರ ಬೆಳಿಗ್ಗೆ ಮಧುಗಿರಿ ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಹೊಂದಿಸಿಕೋ. ಮೇಲಿನದನ್ನೆಲ್ಲ ಅಪ್ಪನಿಗೆ ಓದಿದ್ದೇನೆ, ಇದನ್ನು ಓದಿಲ್ಲ. ಯಾವ ಸ್ಕೋಪನ್ನೂ ತರಬೇಡ. ಹುಣಸೆಮರದ ಮೂಲೆಯ ಹಂದಿ ನಮ್ಮ ಅಮ್ಮ.

ದುರ್ಬೀನಿನಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಕಂಬಳಿ ಕೊಪ್ಪೆ ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಕಡ್ಡಿಯಲ್ಲಿ ನೆಲ ಕೆದಕುತ್ತಿದ್ದಳು. ಹಸಿರು ಬಳೆ ಕೂಡ ಕಂಡಿತು. ಅದೇ ದುರ್ಬೀನಿನಲ್ಲಿ, ಅದೇ ಬೆಳಕಿನಲ್ಲಿ ಅಪ್ಪನಿಗೆ ಮೂತಿ ಕಂಡಿದೆ. ರೈಫಲ್ಲು ಅವರ ತೊಡೆಯ ಮೇಲಿತ್ತು, ಒಳಗೆ ತೋಟಾ ಇತ್ತು. ಚೊಂಬು ಕೈಜಾರಲಿಲ್ಲ, ನಾನೇ ಎಸೆದೆ. ನಿನ್ನೆ ಬೆಳಿಗ್ಗೆ ಅಪ್ಪನನ್ನು ಬಾಗಿಲ ಬೆಳಕಿಗೆ ಕೂರಿಸಿ, ಕಸ ಬಿದ್ದಿದೆ ಅಂತ ಸುಳ್ಳು ಹೇಳಿ ನೋಡಿದೆ. ಎರಡು ಕಣ್ಣಿನ ಪಾಪೆಯ ಮೇಲೂ ಬೂದಿ ಬಣ್ಣದ ಪೊರೆ ಬಂದಿದೆ. ನೀನು ಹಾಕಿದ ಲೆಕ್ಕದಲ್ಲಿ ಅದೊಂದು ಬಿಟ್ಟುಹೋಗಿತ್ತು.

ಅಮ್ಮ ಅಲ್ಲಿಗೆ ಯಾಕೆ ಹೋಗುತ್ತಾಳೆ ಅಂದರೆ ನಿನ್ನ ಪಾರ್ಸಲ್ಲಿಗೆ. ರಾಶಿ ಪೂಜೆಗೆ ಮುಂಚೆ ಕಿತ್ತು ಹಾಕಿದ ಗುಡ್ಡೆಯಿಂದ ಒಂದು ಕಾಯಿ ಮುಟ್ಟುವ ಹಾಗಿಲ್ಲ. ಪಟೇಲರ ಮನೆಯವಳು ಹಕ್ಕಲು ಆಯ್ದರೆ ಬಡವರ ಪಾಲು ಕಿತ್ತುಕೊಂಡಳು ಅಂತ ಊರು ನಗುತ್ತದೆ, ಅಪ್ಪ ಬೈಯುತ್ತಾರೆ. ಅದಕ್ಕೇ ಎಲ್ಲರೂ ಹೋದ ಮೇಲೆ ಮುಸುಕು ಹಾಕಿಕೊಂಡು ಹೋಗುತ್ತಾಳೆ. ತಮಟೆ ಹೊಡೆಸಿದ್ದು ಊರವರಿಗೆ, ತನಗಲ್ಲ ಅಂತ ಅವಳ ಲೆಕ್ಕ. ಹೊಲದಲ್ಲಿ ಮನುಷ್ಯರು ಇರುವುದಿಲ್ಲ ಅಂತ ಅಪ್ಪನ ಲೆಕ್ಕ.

ಬೋಲ್ಟು ಸಿರಾಕ್ಕೆ ಹೋಗುವುದಿಲ್ಲ. ಕೋರ್ಟಿನಲ್ಲಿ ನನ್ನ ಡ್ರಾಯರಿನೊಳಗೆ ಕಾರ್ಬನ್ ಪೇಪರಿನ ಕೆಳಗೆ ಇರುತ್ತದೆ. ಅದು ಯಾವ ಸೆಕ್ಷನ್ನಿಗೆ ಬರುತ್ತದೋ ನೋಡಿಲ್ಲ, ನೋಡುವುದೂ ಇಲ್ಲ. ಸಾಬರು ಸಂಕ್ರಾಂತಿಯವರೆಗೆ ಬಿಡುವಿಲ್ಲ ಅಂದರು ಅಂತ ಹೇಳುತ್ತೇನೆ. ನೀನು ಅಷ್ಟರೊಳಗೆ ರಜೆ ಹಾಕಿ ಬಾ. ಸ್ಕೋಪು ಕೊಡುವ ಮೊದಲು ಕಣ್ಣು ತೋರಿಸಬೇಕು ಅಂತ ಮಿಲಿಟರಿ ರೂಲ್ಸು ಇದೆ ಅನ್ನು, ತುಮಕೂರಿಗೆ ಕರೆದುಕೊಂಡು ಹೋಗಿ ಪೊರೆ ತೆಗೆಸು. ನನ್ನ ಮಾತಿಗೆ ಅವರು ಹೊಸಿಲು ದಾಟುವುದಿಲ್ಲ, ನಿನ್ನ ಮಾತಿಗೆ ದಾಟುತ್ತಾರೆ. ನಡೆದದ್ದನ್ನು ಮಾತ್ರ ಅವರ ಕಿವಿಗೆ ಹಾಕಬೇಡ. ಗೊತ್ತಾದರೆ ಆ ಮನುಷ್ಯ ಇನ್ನೊಂದು ತುತ್ತು ಅನ್ನ ತಿನ್ನುವುದಿಲ್ಲ.

ಅಮ್ಮನಿಗೂ ಹೇಳಿಲ್ಲ. ಒಲೆ ಮುಂದೆ ಅವಳ ಪಕ್ಕ ಕೂತು, ಈ ಸಲ ಹಂದಿ ಜಾಸ್ತಿ, ಆ ಮೂಲೆಗೆ ಒಬ್ಬಳೇ ಹೋಗಬೇಡ ಅಂತ ಮಾತ್ರ ಅಂದೆ. ಅವಳು ಕಾಯಿ ಹುರಿಯುತ್ತಾ ನಕ್ಕಳು. “ನಂಗ್ಯಾತರ ಭಯ ಕಣಮ್ಮ, ಮ್ಯಾಲೆ ನಿಮ್ಮಪ್ಪ ಕೋವಿ ಹಿಡ್ಕಂಡು ಕುಂತಿರ್ತಾರಲ್ಲ” ಅಂದಳು.

ನಾನು ಹೂಂ ಅಂದೆ.