ಕೆಂಪು ಎಡಕ್ಕೆ, ಹಸಿರು ಬಲಕ್ಕೆ

ಅಪ್ಪನಿಗೆ,

ಮೊದಲೇ ಹೇಳಿಬಿಡುತ್ತೇನೆ, ನನಗಾಗಲಿ ದೋಣಿಗಾಗಲಿ ಏನೂ ಆಗಿಲ್ಲ. ಕಳೆದ ಸಲ ಬಂದಾಗ ನೀನು ಇಡೀ ದಿನ ಕೂತು ಹಾಕಿಕೊಟ್ಟ ದೀಪಗಳು ಚೆನ್ನಾಗಿ ಉರಿಯುತ್ತಿವೆ. ಆಚೆ ದಡಕ್ಕೂ ಕಾಣುತ್ತವಂತೆ.

ಮೊನ್ನೆ ಕತ್ತಲಾದ ಮೇಲೆ ಬಲೆ ಎಳೆದುಕೊಂಡು ಬರುವಾಗ ಮರಳು ಸಾಗಿಸುವ ದೋಣಿಯೊಂದು ನನ್ನ ಮೇಲೆಯೇ ಬಂತು. ಕೂದಲೆಳೆಯಲ್ಲಿ ಪಾರಾದೆ. ಅದರ ಚಾಲಕ ಕೂಗಿದ: "ಏನಮ್ಮಾ, ದೀಪ ನೋಡಿದ್ರೆ ಆ ಕಡೆ ಹೋಗ್ತಿದ್ದೀಯ ಅನ್ಸುತ್ತೆ, ದೋಣಿ ನೋಡಿದ್ರೆ ಈ ಕಡೆ ಬರ್ತಿದೆ! ಯಾವುದನ್ನ ನಂಬ್ಲಿ?"

ದಡಕ್ಕೆ ಬಂದು ನೋಡಿದರೆ, ಎಡಕ್ಕಿರಬೇಕಾದ ಕೆಂಪು ದೀಪ ಬಲಕ್ಕಿದೆ, ಬಲದ ಹಸಿರು ಎಡಕ್ಕಿದೆ. ಕತ್ತಲಲ್ಲಿ ದೋಣಿ ಹೋಗುವ ದಿಕ್ಕು ಹೇಳುವ ಬಣ್ಣಗಳೇ ತಿರುಗುಮುರುಗು. ನಗು ತಡೆಯಲಾಗಲಿಲ್ಲ. ನಲವತ್ತು ವರ್ಷ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತು ಹುಟ್ಟು ಹಾಕಿದವನು ನೀನು. ನಿನ್ನ ಎಡಗೈ ಯಾವಾಗಲೂ ದೋಣಿಯ ಬಲಕ್ಕೇ. ಅವತ್ತು ದೀಪ ಹಾಕುವಾಗಲೂ ನೀನು ಹಾಗೇ ಕೂತಿದ್ದೆ. ನಾನಾದರೂ ನೋಡಬೇಕಿತ್ತು, ಎದುರಿಗೆ ಕೂತು ಹರಟೆ ಹೊಡೆಯುತ್ತಿದ್ದೆ.

ಈಗ ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದ್ದೇನೆ. ಅಮ್ಮನಿಗೆ ಮರಳು ದೋಣಿಯ ಸುದ್ದಿ ಬೇಡ. ದೀಪದ್ದಷ್ಟೇ ಹೇಳು, ನಗಲಿ.

ಭಾನುವಾರ ಬಾ. ಬರುವಾಗ ನಿನ್ನ ಸ್ಕ್ರೂಡ್ರೈವರ್ ತಾ, ನಾನು ಬಿಗಿದದ್ದು ಅಲುಗಾಡುತ್ತಿದೆ. ಸಂಜೆ ದೀಪ ಹಚ್ಚಿಕೊಂಡು ಒಂದು ಸುತ್ತು ಹೋಗಿಬರೋಣ. ಎಂಜಿನ್ ನಾನು ನೋಡಿಕೊಳ್ಳುತ್ತೇನೆ. ನೀನು ಮುಂದಕ್ಕೆ ಮುಖ ಮಾಡಿ ಆರಾಮಾಗಿ ಕೂತಿರು. ಇಷ್ಟು ವರ್ಷ ದೋಣಿಯಿಂದ ನೀನು ನೋಡಿದ್ದೆಲ್ಲ ಬಿಟ್ಟುಹೋಗುವ ದಡವನ್ನೇ. ಒಂದು ಸಲ ನಮ್ಮ ದಡ ಹತ್ತಿರ ಬರುವುದನ್ನು ನೋಡುವೆಯಂತೆ.

ಇಂತಿ,
ಹರಟೆಮಲ್ಲಿ ಮಗಳು